ಅಣ್ಣಾವ್ರ ಕಣ್ಣು

ಏಪ್ರಿಲ್ 24ರ ಬೆಳಗ್ಗೆ ಬೆಂಗಳೂರಿನ ಕಂಠೀರವ ಸ್ಟುಡಿಯೊ ಗೇಟಿನ ಮುಂದೆ ಹೊತ್ತು ಏರುವ ಮೊದಲೇ ಜನ ಸೇರಿರುತ್ತಾರೆ. ರಾತ್ರಿ ಬಸ್ಸು ಹತ್ತಿ ಬಂದವರ ಕೈಯಲ್ಲಿ ಬ್ಯಾಗಿರುತ್ತದೆ, ಊರಿನಿಂದಲೇ ತಂದ ಹೂವಿನ ಹಾರ ಬಾಳೆಎಲೆಯಲ್ಲಿ ಸುತ್ತಿಕೊಂಡೇ ಇರುತ್ತದೆ. ಆಟೊ ಚಾಲಕರು ತಮ್ಮ ಗಾಡಿಗೆ ಹಳದಿ-ಕೆಂಪು ಬಾವುಟ ಕಟ್ಟಿಕೊಂಡು ಬರುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಹೋದವರು ಸಮಾಧಿಗೆ ಕೈ ಮುಗಿದು, ಹಣೆ ಮುಟ್ಟಿಸಿ, ಒಂದು ಸುತ್ತು ಬಂದು ಪಕ್ಕಕ್ಕೆ ನಿಲ್ಲುತ್ತಾರೆ. ಕೆಲವರು ಅಲ್ಲಿಂದ ಬೇಗ ಹೊರಡುವುದೇ ಇಲ್ಲ. ಮನೆಯವರು ಬಂದು ಪೂಜೆ ಸಲ್ಲಿಸುವ ಹೊತ್ತಿಗೆ ಜೈಕಾರ ಏಳುತ್ತದೆ. ಆಮೇಲೆ ಅನ್ನದಾನ, ರಕ್ತದಾನ, ಮತ್ತು ನೇತ್ರದಾನದ ಹೆಸರು ನೋಂದಣಿ.

ಆ ದಿನ ಡಾ. ರಾಜ್‌ಕುಮಾರ್ ಹುಟ್ಟಿದ ದಿನ. ಅದಕ್ಕೆ ಹನ್ನೆರಡು ದಿನ ಮೊದಲು, ಏಪ್ರಿಲ್ 12, ಅವರು ಹೋದ ದಿನ. ಹುಟ್ಟುಹಬ್ಬವೂ ಪುಣ್ಯತಿಥಿಯೂ ಒಂದೇ ತಿಂಗಳಲ್ಲಿ ಹೀಗೆ ಅಕ್ಕಪಕ್ಕ ಬರುವುದರಿಂದ ಅಭಿಮಾನಿಗಳಿಗೆ ಏಪ್ರಿಲ್ ಇಡೀ ಅಣ್ಣಾವ್ರ ತಿಂಗಳು. ಅವರ ಬಾಯಲ್ಲಿ ‘ರಾಜ್‌ಕುಮಾರ್’ ಎಂಬ ಹೆಸರು ಬರುವುದೇ ಅಪರೂಪ. ನಟಸಾರ್ವಭೌಮ, ವರನಟ ಎಂಬ ಬಿರುದುಗಳು ಬ್ಯಾನರಿನ ಮೇಲೆ ಇರುತ್ತವೆ. ಮಾತಿನಲ್ಲಿ ಇರುವುದು ಅಣ್ಣಾವ್ರು.

ಸತ್ತವರನ್ನು ನೆನೆಯುವ ದಾರಿಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ಪ್ರತಿಮೆ ನಿಲ್ಲಿಸುತ್ತಾರೆ, ರಸ್ತೆಗೆ ಹೆಸರಿಡುತ್ತಾರೆ, ವರ್ಷಕ್ಕೊಮ್ಮೆ ಆರ್ಕೆಸ್ಟ್ರಾ ಇಡುತ್ತಾರೆ. ರಾಜ್‌ಕುಮಾರ್ ವಿಷಯದಲ್ಲಿ ಇವೆಲ್ಲವೂ ನಡೆದಿವೆ. ಆದರೆ ಅಭಿಮಾನಿಗಳು ಅವರಿಂದ ಪಡೆದು ಮುಂದಕ್ಕೆ ದಾಟಿಸುತ್ತಾ ಬಂದಿರುವ ನೆನಪು ಬೇರೆಯದು. ಅದು ಶುರುವಾದದ್ದು ಅವರು ಸತ್ತ ದಿನವೇ, ಊರು ಹೊತ್ತಿ ಉರಿಯುತ್ತಿದ್ದ ಹೊತ್ತಿನಲ್ಲಿ.

2006ರ ಏಪ್ರಿಲ್ 12, ಬುಧವಾರ. ಮಧ್ಯಾಹ್ನ ಸದಾಶಿವನಗರದ ಮನೆಯಲ್ಲಿ ಹೃದಯಾಘಾತವಾಯಿತು. ಎಂ.ಎಸ್. ರಾಮಯ್ಯ ಆಸ್ಪತ್ರೆಗೆ ಕರೆದೊಯ್ದರೂ ಉಳಿಯಲಿಲ್ಲ. ಇನ್ನು ಹನ್ನೆರಡು ದಿನ ಕಳೆದಿದ್ದರೆ 77 ತುಂಬುತ್ತಿತ್ತು. ಸುದ್ದಿ ಹರಡಿದ ಕೆಲವೇ ಹೊತ್ತಿನಲ್ಲಿ ಅಂಗಡಿಗಳ ಬಾಗಿಲು ಬಿದ್ದವು, ಆಫೀಸುಗಳು ಖಾಲಿಯಾದವು, ಮನೆಯ ಮುಂದಿನ ರಸ್ತೆ ಜನರಿಂದ ತುಂಬಿಹೋಯಿತು. ಸಾರ್ವಜನಿಕ ದರ್ಶನಕ್ಕೆಂದು ದೇಹವನ್ನು ಕಂಠೀರವ ಕ್ರೀಡಾಂಗಣಕ್ಕೆ ತಂದರು. ಒಂದು ಸಲ ಮುಖ ನೋಡಬೇಕು ಎಂದು ಬಂದವರಿಗೆ ಮುಖ ಕಾಣಲಿಲ್ಲ. ನೂಕುನುಗ್ಗಲು, ಲಾಠಿ, ಅಶ್ರುವಾಯು, ಕಲ್ಲು, ಬೆಂಕಿ ಒಂದರ ಹಿಂದೆ ಒಂದು ಬಂದವು. ಬಸ್ಸುಗಳು, ಪೊಲೀಸ್ ವಾಹನಗಳು ಸುಟ್ಟವು. ಮರುದಿನ ಅಂತ್ಯಸಂಸ್ಕಾರ ಮುಗಿಯುವಷ್ಟರಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾಗಿದ್ದರು, ಗುಂಪಿನ ಕೈಗೆ ಸಿಕ್ಕಿದ ಪೊಲೀಸ್ ಪೇದೆಯೊಬ್ಬರ ಪ್ರಾಣವೂ ಹೋಗಿತ್ತು.

ಆ ಎರಡು ದಿನಗಳನ್ನು ನೆನೆದರೆ ಹಳೆಯ ಅಭಿಮಾನಿಗಳಿಗೆ ಇವತ್ತಿಗೂ ಸಂಕಟವಾಗುತ್ತದೆ. ಬೀದಿಯಲ್ಲಿ ಇದ್ದವರೆಲ್ಲ ಅಭಿಮಾನಿಗಳೇ ಅಲ್ಲ, ಗಲಾಟೆಗೆಂದೇ ಬಂದವರೂ ಇದ್ದರು ಎಂದು ಅವರು ಹೇಳುತ್ತಾರೆ. ಅದು ನಿಜವಿರಬಹುದು. ಹಾಗಿದ್ದರೂ ಆ ಸಾವುಗಳ ಭಾರ ಕಡಿಮೆಯಾಗುವುದಿಲ್ಲ. ಇಷ್ಟು ದೊಡ್ಡ ದುಃಖಕ್ಕೆ ಊರು ಯಾವ ಸಿದ್ಧತೆಯನ್ನೂ ಮಾಡಿಕೊಂಡಿರಲಿಲ್ಲ. ಸಾಲು ಹಚ್ಚಿ ನಿಲ್ಲಿಸಿ, ನಿಮಗೂ ನೋಡಲು ಸಿಗುತ್ತದೆ ಎಂದು ಹೇಳುವವರು ಸಿಕ್ಕಿದ್ದರೆ ಆ ಜನರಲ್ಲಿ ಹೆಚ್ಚಿನವರು ಅತ್ತು ಮನೆಗೆ ಹೋಗುತ್ತಿದ್ದರು.

ಹೊರಗೆ ಇಷ್ಟೆಲ್ಲ ನಡೆಯುತ್ತಿದ್ದಾಗ ಒಂದು ಕೆಲಸ ಸದ್ದಿಲ್ಲದೆ ಮುಗಿದಿತ್ತು. ರಾಜ್‌ಕುಮಾರ್ ಮೊದಲೇ ಬರೆದುಕೊಟ್ಟಿದ್ದಂತೆ ಅವರ ಕಣ್ಣುಗಳನ್ನು ದಾನವಾಗಿ ಪಡೆಯಲಾಗಿತ್ತು. ಅವು ಇಬ್ಬರಿಗೆ ದೃಷ್ಟಿ ಕೊಟ್ಟವು.

ಅದರ ಹಿಂದಿನ ಕಥೆ 1994ರದು. ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ ಡಾ. ಕೆ. ಭುಜಂಗ ಶೆಟ್ಟಿ ಅವರು ನೇತ್ರಬ್ಯಾಂಕ್ ಶುರುಮಾಡಿದಾಗ ಉದ್ಘಾಟನೆಗೆ ರಾಜ್‌ಕುಮಾರ್ ಅವರನ್ನು ಕರೆದರು. ಬ್ಯಾಂಕಿಗೆ ಅವರ ಹೆಸರನ್ನೇ ಇಟ್ಟರು. ರಾಜ್‌ಕುಮಾರ್ ಟೇಪು ಕತ್ತರಿಸಿ ಹೊರಟುಬಿಡಲಿಲ್ಲ. ತಮ್ಮ ಕಣ್ಣನ್ನೂ ಮನೆಯವರ ಕಣ್ಣನ್ನೂ ಅಂದೇ ಬ್ಯಾಂಕಿಗೆ ವಾಗ್ದಾನ ಮಾಡಿದರು. ಕಣ್ಣು ತೆಗೆದರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎಂಬ ಭಯ ಊರೂರಿನಲ್ಲೂ ಇದ್ದ ಕಾಲ ಅದು. ವೈದ್ಯರು ನೂರು ಸಲ ಬಿಡಿಸಿ ಹೇಳಿದರೂ ಹೋಗದ ಅಂಜಿಕೆ ಒಬ್ಬ ನಟ ಸಹಿ ಮಾಡಿದಾಗ ಅಲುಗಾಡಿತು. ‘ಬೇಡರ ಕಣ್ಣಪ್ಪ’ನಾಗಿ ನಾಯಕನಟರಾದವರು ಅವರು. ಶಿವನ ಕಣ್ಣಲ್ಲಿ ನೀರು ಸುರಿಯುವುದನ್ನು ತಾಳಲಾರದೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಕಥೆ ಅದು. 1954ರಲ್ಲಿ ಆ ಚಿತ್ರವನ್ನು ಕಂಡವರಿಗೆ 2006ರ ಸುದ್ದಿ ಓದುವಾಗ ಮೈ ಜುಮ್ಮೆಂದದ್ದರಲ್ಲಿ ಅಚ್ಚರಿಯಿಲ್ಲ. ಮೊದಲ ನಾಯಕಪಾತ್ರದಲ್ಲಿ ಮಾಡಿದ್ದನ್ನೇ ಕೊನೆಯಲ್ಲೂ ಮಾಡಿದರು ಎಂಬ ಮಾತು ಆಗಿನಿಂದ ಅಭಿಮಾನಿಗಳ ಬಾಯಲ್ಲಿ ಉಳಿದಿದೆ.

ಇಂಥ ಮಾತು ಹುಟ್ಟಬೇಕಾದರೆ ನಟನಿಗೂ ನೋಡುಗನಿಗೂ ನಡುವೆ ಬಹಳ ಕಾಲದ ನಂಟು ಬೇಕು. ಆ ನಂಟಿನ ಬೇರು ಗಾಜನೂರಿನಲ್ಲಿದೆ. ಇಂದಿನ ತಮಿಳುನಾಡಿನ ತಾಳವಾಡಿ ಸೀಮೆಯ ಕನ್ನಡ ಮಾತನಾಡುವ ಊರು ಅದು. ಅಲ್ಲಿ 1929ರಲ್ಲಿ ಹುಟ್ಟಿದ ಮಗುವಿಗೆ ಮುತ್ತತ್ತಿಯ ಹನುಮಂತರಾಯನ ಹೆಸರಿಟ್ಟರು: ಮುತ್ತುರಾಜ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಹೆಸರು ಮಾಡಿದ ನಟ. ಮಗನೂ ಸ್ಕೂಲು ಬಿಟ್ಟು ಅದೇ ಕಂಪನಿ ಸೇರಿದ. ಹಾಡುವುದು, ನಿಲ್ಲುವುದು, ಕಡೆಯ ಸಾಲಿನಲ್ಲಿ ಕುಳಿತವನಿಗೂ ಕೇಳುವಂತೆ ಅಕ್ಷರ ಬಿಡಿಸಿ ನುಡಿಯುವುದು, ಎಲ್ಲವನ್ನೂ ಕಲಿತದ್ದು ಅಲ್ಲೇ. ನಿರ್ದೇಶಕ ಎಚ್.ಎಲ್.ಎನ್. ಸಿಂಹ ‘ಬೇಡರ ಕಣ್ಣಪ್ಪ’ಕ್ಕೆ ಆರಿಸಿಕೊಂಡು ರಾಜ್‌ಕುಮಾರ್ ಎಂಬ ಹೆಸರು ಕೊಟ್ಟರು.

ಆಗ ಕನ್ನಡ ಚಿತ್ರಗಳೆಂದರೆ ವರ್ಷಕ್ಕೆ ಬೆರಳೆಣಿಕೆಯಷ್ಟು. ಶೂಟಿಂಗಿಗೆ ಮದರಾಸಿಗೇ ಹೋಗಬೇಕಿತ್ತು. ಕೆಲಸವಿಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಕಲಾವಿದರ ಸಂಘ ಕಟ್ಟಿಕೊಂಡು ಊರೂರು ತಿರುಗಿ ನಾಟಕ ಆಡಿದರು. ಆ ಸಂಘವೇ ಹಣ ಹೊಂದಿಸಿ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ತೆಗೆಯಿತು. ಬೆಂಗಳೂರಿನ ಕ್ರೀಡಾಂಗಣಕ್ಕೂ ಸ್ಟುಡಿಯೊಗೂ ಆ ಮೈಸೂರು ದೊರೆಯ ಹೆಸರೇ ಇದೆ. ಜನ ರಾಜ್‌ಕುಮಾರ್ ಅವರನ್ನು ಕಡೆಯ ಸಲ ನೋಡಲು ಬಂದದ್ದು ಒಂದು ಕಂಠೀರವಕ್ಕೆ, ಅವರನ್ನು ಮಣ್ಣು ಮಾಡಿದ್ದು ಇನ್ನೊಂದು ಕಂಠೀರವದಲ್ಲಿ.

ಅಭಿಮಾನ ಬೆಳೆದದ್ದು ಟೂರಿಂಗ್ ಟಾಕೀಸಿನಲ್ಲಿ. ಗಾಡಿ ಕಟ್ಟಿಕೊಂಡು ಹತ್ತಾರು ಮೈಲಿ ಬರುತ್ತಿದ್ದರು. ನೆಲದಲ್ಲಿ, ಮರಳ ಮೇಲೆ ಕುಳಿತು ನೋಡುತ್ತಿದ್ದರು. ಅಕ್ಷರ ಬಾರದವರೂ ‘ಸತ್ಯ ಹರಿಶ್ಚಂದ್ರ’ದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡರು. ‘ಬಬ್ರುವಾಹನ’ದಲ್ಲಿ ಅರ್ಜುನನೂ ಅವರೇ, ಎದುರು ನಿಂತ ಮಗನೂ ಅವರೇ. ಆ ವಾಗ್ವಾದ 1977ರಿಂದ ಇಲ್ಲಿಯವರೆಗೆ ಎಷ್ಟು ಸ್ಕೂಲ್ ಡೇಗಳಲ್ಲಿ, ಎಷ್ಟು ಗಣೇಶೋತ್ಸವದ ಪೆಂಡಾಲುಗಳಲ್ಲಿ ಮರುಹುಟ್ಟು ಪಡೆದಿದೆಯೋ ಲೆಕ್ಕವಿಟ್ಟವರಿಲ್ಲ. ಕನ್ನಡವನ್ನು ಹೀಗೂ ನುಡಿಯಬಹುದು, ಅದು ಇಷ್ಟು ಚೆಂದ ಕೇಳುತ್ತದೆ ಎಂದು ಲಕ್ಷಾಂತರ ಜನಕ್ಕೆ ಕಿವಿಯ ಮೂಲಕ ಕಲಿಸಿದವರು ಅವರು. ವ್ಯಾಕರಣದ ಪುಸ್ತಕ ಮುಟ್ಟದವರಿಗೂ ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ ಹಿಡಿಯುವುದನ್ನು ಆ ದನಿ ಕಲಿಸಿತು.

ದನಿ ಎಂದಾಗ ಹಾಡಿನ ಮಾತೂ ಬರುತ್ತದೆ. ಬಹುಕಾಲ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು, ತೆರೆಯ ಮೇಲಿನ ತುಟಿಗೂ ಕೇಳುವ ಕೊರಳಿಗೂ ಎಳೆಯಷ್ಟೂ ಅಂತರ ಕಾಣುತ್ತಿರಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್ ತಾವೇ ಹಾಡಿದರು, ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ‘ಜೀವನ ಚೈತ್ರ’ದ ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕರೆಂದು ರಾಷ್ಟ್ರಪ್ರಶಸ್ತಿಯೂ ಬಂತು. ನಟನೆಗಲ್ಲ, ಗಾಯನಕ್ಕೆ.

1971ರ ‘ಕಸ್ತೂರಿ ನಿವಾಸ’ದ ಕೊನೆಯ ಭಾಗವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು, ಅಭಿಮಾನಿಗಳು ಅಣ್ಣಾವ್ರನ್ನು ಯಾಕೆ ಹೀಗೆ ನೆನೆಯುತ್ತಾರೆ ಎಂಬುದಕ್ಕೆ ಅಲ್ಲಿ ಒಂದು ಸುಳಿವಿದೆ. ದೊರೈ-ಭಗವಾನ್ ಜೋಡಿ ನಿರ್ದೇಶಿಸಿದ ಚಿತ್ರ. ಬೆಂಕಿಪೊಟ್ಟಣದ ಕಾರ್ಖಾನೆ ನಡೆಸುತ್ತಿದ್ದ ರವಿವರ್ಮ, ಕೇಳಿದವರಿಗೆ ಇಲ್ಲವೆನ್ನಲು ಬಾರದೆ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಹಿಂದೆ ತಾನು ಮದುವೆಯಾಗಬೇಕೆಂದುಕೊಂಡಿದ್ದ ನೀಲಾ ಮನೆಗೆ ಬಂದಾಗ ಊಟ ಹಾಕಲು ಮನೆಯಲ್ಲಿ ಏನೂ ಇಲ್ಲ. ಉಳಿದಿರುವುದು ಅವನು ಜೀವದಂತೆ ಸಾಕಿದ ಒಂದು ಪಾರಿವಾಳ. ಅದನ್ನು ಮಾರಿ ಊಟ ತರಿಸುತ್ತಾನೆ. ನೀಲಾ ಉಂಡಾದ ಮೇಲೆ ತಾನು ಬಂದ ಕಾರಣ ಹೇಳುತ್ತಾಳೆ: ತನ್ನ ಮಗುವಿಗೆ ಆ ಪಾರಿವಾಳ ಬೇಕಾಗಿತ್ತು.

ಈ ಸನ್ನಿವೇಶದಲ್ಲಿ ರಾಜ್‌ಕುಮಾರ್ ಹೆಚ್ಚು ಮಾಡುವುದಿಲ್ಲ. ಕೊಡಲು ಕೈಯಲ್ಲಿ ಏನೂ ಇಲ್ಲದ ಮನುಷ್ಯನ ನಾಚಿಕೆ ಆ ಮುಖದಲ್ಲಿ ಸುಳಿಯುತ್ತದೆ, ಅಷ್ಟೆ. ಸಾವಿಗಿಂತ ದೊಡ್ಡದು ಆ ನಾಚಿಕೆ. 2014ರಲ್ಲಿ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ, ಅದು ಮೊದಲು ತೆರೆಕಂಡ ಕಾಲಕ್ಕೆ ಹುಟ್ಟಿಯೂ ಇರದವರು ಅಜ್ಜ-ಅಜ್ಜಿಯರ ಜೊತೆ ಕುಳಿತು ನೋಡಿ ಕಣ್ಣೊರೆಸಿಕೊಂಡರು. ಅದಕ್ಕೂ ಮುನ್ನ 2008ರಲ್ಲಿ ‘ಸತ್ಯ ಹರಿಶ್ಚಂದ್ರ’ವೂ ಬಣ್ಣ ತಳೆದು ಬಂದಿತ್ತು. ನಟ ಹೋದ ಮೇಲೆ ಹಳೆಯ ಚಿತ್ರಕ್ಕೆ ಮತ್ತೆ ಟಿಕೆಟ್ ಕೊಂಡು ಹೋಗುವುದೂ ಒಂದು ಬಗೆಯ ಶ್ರಾದ್ಧ.

‘ಬಂಗಾರದ ಮನುಷ್ಯ’ದ ಮಾತಂತೂ ಮನೆಮನೆಯದು. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯ ನಿರ್ದೇಶನ, 1972. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಹಳ್ಳಿಗೆ ಮರಳಿ ಬಂಜರು ಭೂಮಿ ಹದಮಾಡಿದವರ ಕಥೆಗಳು ಹಳೆ ಮೈಸೂರು ಸೀಮೆಯಲ್ಲಿ ಈಗಲೂ ಓಡಾಡುತ್ತವೆ. ಅವೆಲ್ಲವನ್ನೂ ಅಳೆದು ತೂಗಿ ನೋಡಲು ಸಾಧ್ಯವಿಲ್ಲ. ಆದರೆ ಒಂದು ಸಿನಿಮಾದಿಂದ ಬದುಕು ಬದಲಾಯಿತು ಎಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುವುದೇ ದೊಡ್ಡ ಸಂಗತಿ.

ತೆರೆಯ ಮೇಲೆ ಅವರು ಸಿಗರೇಟು ಹಚ್ಚಲಿಲ್ಲ, ಹೆಂಡ ಕುಡಿಯಲಿಲ್ಲ. ನೋಡುವ ಹುಡುಗ ಅದನ್ನೇ ಮಾಡುತ್ತಾನೆ ಎಂಬ ಎಚ್ಚರ ಅವರಿಗೆ ಕಡೆಯವರೆಗೂ ಇತ್ತು. ಜಾಹೀರಾತಿಗೆ ಬಣ್ಣ ಹಚ್ಚಲಿಲ್ಲ. ನಂದಿನಿ ಹಾಲಿಗೆ ಮಾತ್ರ ಒಪ್ಪಿಕೊಂಡರು, ಹಾಲು ಹಾಕುವ ರೈತರ ಸಂಸ್ಥೆ ಎಂಬ ಕಾರಣಕ್ಕೆ, ಅದೂ ದುಡ್ಡು ತೆಗೆದುಕೊಳ್ಳದೆ. ಚುನಾವಣೆಗೆ ನಿಲ್ಲಿ ಎಂದು ಒತ್ತಾಯಿಸಿದವರು ಒಬ್ಬಿಬ್ಬರಲ್ಲ. ಪಕ್ಕದ ತಮಿಳುನಾಡಿನಲ್ಲಿ ಎಂ.ಜಿ. ರಾಮಚಂದ್ರನ್, ಆಂಧ್ರದಲ್ಲಿ ಎನ್.ಟಿ. ರಾಮರಾವ್ ಮುಖ್ಯಮಂತ್ರಿಗಳಾದ ಕಾಲದಲ್ಲೂ ಅವರು ಆ ಕಡೆ ತಲೆ ಹಾಕಲಿಲ್ಲ. 1982ರಲ್ಲಿ, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ವರದಿ ಜಾರಿಗೆ ಬರಲಿ ಎಂದು ಬೀದಿಗಿಳಿದದ್ದು ಮಾತ್ರ ನಿಜ. ಸಾಹಿತಿಗಳು, ಪ್ರಾಧ್ಯಾಪಕರು ಹಚ್ಚಿದ ದೀಪ ಹಳ್ಳಿಹಳ್ಳಿಗೆ ತಲುಪಿದ್ದು ಅವರು ತಿರುಗಾಡಿದ ಮೇಲೆ. ಸಾ.ರಾ. ಗೋವಿಂದು ಮುನ್ನಡೆಸಿದ ಅಭಿಮಾನಿಗಳ ಸಂಘದಂಥ ಸಂಘಟನೆಗಳು ಕನ್ನಡದ ಹೋರಾಟಕ್ಕೆ ಕಾಲಾಳುಗಳನ್ನು ಕೊಟ್ಟವು. 1992ರಲ್ಲಿ ಕರ್ನಾಟಕ ರತ್ನ ಪ್ರಶಸ್ತಿ ಹುಟ್ಟಿದಾಗ ಮೊದಲು ಪಡೆದವರು ಕುವೆಂಪು ಮತ್ತು ರಾಜ್‌ಕುಮಾರ್. ಆಮೇಲೆ ದಾದಾ ಸಾಹೇಬ್ ಫಾಲ್ಕೆಯೂ ಬಂತು. ವೇದಿಕೆ ಯಾವುದಿದ್ದರೂ ಅವರು ಮಾತು ಶುರುಮಾಡುತ್ತಿದ್ದದ್ದು ಅಭಿಮಾನಿ ದೇವರುಗಳಿಗೆ ನಮಸ್ಕಾರ ಹೇಳಿ.

ಈ ‘ದೇವರುಗಳು’ ತಮ್ಮ ಭಕ್ತನಿಗಾಗಿ 108 ದಿನ ಕಾದದ್ದೂ ಉಂಟು. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಗಾಜನೂರಿನ ಮನೆಗೇ ಬಂದು ಅವರನ್ನು ಕಾಡಿಗೆ ಕರೆದೊಯ್ದ. ಚಿತ್ರಮಂದಿರಗಳು ಮುಚ್ಚಿದವು, ಶೂಟಿಂಗ್ ನಿಂತಿತು, ಬೆಂಗಳೂರು ದಿನಗಟ್ಟಲೆ ಸ್ತಬ್ಧವಾಯಿತು. ಉರುಳುಸೇವೆ ಮಾಡಿದವರು, ಮುಡಿ ಕೊಡುವುದಾಗಿ ಹರಕೆ ಹೊತ್ತವರು, ದರ್ಗಾಕ್ಕೆ ಚಾದರ ಹೊದಿಸಿದವರು, ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದವರು ಎಲ್ಲರೂ ಇದ್ದರು. ನವೆಂಬರ್ 15ರಂದು ಬಿಡುಗಡೆಯಾಗಿ ಬಂದಾಗ ಊರು ದೀಪಾವಳಿ ಮಾಡಿತು. ಅದೇ ವರ್ಷ ತೆರೆಕಂಡಿದ್ದ ‘ಶಬ್ದವೇಧಿ’ಯೇ ಅವರ ಕೊನೆಯ ಚಿತ್ರವಾಯಿತು.

ಅವರು ಹೋದ ಮೇಲಿನ ಎರಡು ದಶಕಗಳಲ್ಲಿ ಅಭಿಮಾನ ಹಲವು ರೂಪ ತಳೆದಿದೆ. 2014ರ ನವೆಂಬರ್‌ನಲ್ಲಿ ಕಂಠೀರವ ಸ್ಟುಡಿಯೊದಲ್ಲಿ ಸ್ಮಾರಕ ಲೋಕಾರ್ಪಣೆಯಾಯಿತು. ಆ ದಿನ ರಜನಿಕಾಂತ್, ಚಿರಂಜೀವಿ ಕೂಡ ಬಂದಿದ್ದರು. ಪತ್ರಕರ್ತ ದೊಡ್ಡಹುಲ್ಲೂರು ರುಕ್ಕೋಜಿ ವರ್ಷಗಟ್ಟಲೆ ಅಲೆದು, ಹಳೆಯ ಪತ್ರಿಕೆ, ಪೋಸ್ಟರು, ಫೋಟೊ ಕೂಡಿಟ್ಟು ‘ಡಾ. ರಾಜ್‌ಕುಮಾರ್ ಸಮಗ್ರ ಚರಿತ್ರೆ’ಯನ್ನು ತಂದರು. ಸಿನಿಮಾ ಕುರಿತ ಅತ್ಯುತ್ತಮ ಪುಸ್ತಕವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು. ಚಿತ್ರಗಳ ಮೂಲಪ್ರತಿಗಳನ್ನೇ ಕಾಪಾಡಿಕೊಳ್ಳದ ನಾಡಿನಲ್ಲಿ ಇಂಥ ಒಂದು ಪುಸ್ತಕದ ಬೆಲೆ ದೊಡ್ಡದು. ಇತ್ತ ಬಡಾವಣೆಗಳ ಮೂಲೆಯಲ್ಲಿ ಬಾವುಟ ಕಂಬದ ಕೆಳಗೆ ಎದೆಮಟ್ಟದ ಪ್ರತಿಮೆಗಳು ಎದ್ದವು. ನವೆಂಬರ್ ಒಂದಕ್ಕೆ ಭುವನೇಶ್ವರಿಯ ಪಟದ ಪಕ್ಕ ಅವರ ಪಟವೂ ಇರಲೇಬೇಕು ಎಂಬುದು ಈಗ ಯಾರೂ ಬರೆದಿಡದ ಕಟ್ಟಳೆ.

ಆದರೂ ನೆನಪಿನ ನಿಜವಾದ ಪರೀಕ್ಷೆ ಬಂದದ್ದು 2021ರ ಅಕ್ಟೋಬರ್ 29ರಂದು. ಕಿರಿಯ ಮಗ ಪುನೀತ್, ಅಭಿಮಾನಿಗಳ ಅಪ್ಪು, 46ರ ವಯಸ್ಸಿನಲ್ಲಿ ಅಪ್ಪನಂತೆಯೇ ಹೃದಯಾಘಾತದಿಂದ ಹೋದರು. 2006ನ್ನು ಕಂಡವರ ಎದೆ ನಡುಗಿತು: ಮತ್ತೆ ಬೆಂಕಿ ಬೀಳುತ್ತದೆಯೇ? ಬೀಳಲಿಲ್ಲ. ಅದೇ ಕಂಠೀರವ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಹಗಲು ರಾತ್ರಿ ಸಾಲಿನಲ್ಲಿ ನಿಂತರು. ಅಳುತ್ತಾ ಬಂದರು, ಕೈ ಮುಗಿದರು, ಮುಂದಕ್ಕೆ ನಡೆದರು. ಈ ಸಲ ಸರ್ಕಾರಕ್ಕೂ ಪೊಲೀಸರಿಗೂ ಸಿದ್ಧತೆಯಿತ್ತು, ಕುಟುಂಬ ಮತ್ತೆ ಮತ್ತೆ ಕೇಳಿಕೊಂಡಿತು. ಅಭಿಮಾನಿಗಳೂ ಕಲಿತಿದ್ದರು. ಅಣ್ಣಾವ್ರ ಹೆಸರಿಗೆ ಹಿಂದೆ ಬಂದ ಕಳಂಕ ಮತ್ತೆ ಬರಬಾರದು ಎಂದು ಹಿರಿಯರು ಹುಡುಗರ ಭುಜ ಹಿಡಿದು ಹೇಳಿದರು. ಅಕ್ಟೋಬರ್ 31ರ ಬೆಳಗಿನ ಜಾವ ತಂದೆ-ತಾಯಿಯ ಸಮಾಧಿಗಳ ಸಾಲಿನಲ್ಲೇ ಅಪ್ಪುವನ್ನೂ ಮಲಗಿಸಿದರು.

ಅಪ್ಪುವಿನ ಕಣ್ಣುಗಳನ್ನು ಅಪ್ಪ ಉದ್ಘಾಟಿಸಿದ ಬ್ಯಾಂಕಿಗೇ ಕೊಟ್ಟಾಗಿತ್ತು. 2017ರಲ್ಲಿ ತಾಯಿ ಪಾರ್ವತಮ್ಮನವರು ತೀರಿಕೊಂಡಾಗಲೂ ಹಾಗೆಯೇ ಮಾಡಿದ್ದರು. ಅಪ್ಪನ ಎರಡು ಕಣ್ಣು ಇಬ್ಬರಿಗೆ ಬೆಳಕು ಕೊಟ್ಟರೆ ಮಗನ ಎರಡು ಕಣ್ಣು ನಾಲ್ವರಿಗೆ ಕೊಟ್ಟವು. ಇದು ಹೇಗೆ ಎಂದು ಆಗ ಬಹಳ ಜನ ಕೇಳಿದರು.

ದಾನ ಮಾಡಿದ ಕಣ್ಣೆಂದರೆ ಇಡೀ ಗುಡ್ಡೆಯನ್ನೇ ಇನ್ನೊಬ್ಬರಿಗೆ ಜೋಡಿಸುವುದಿಲ್ಲ. ಬೇಕಾಗಿರುವುದು ಕಾರ್ನಿಯಾ ಮಾತ್ರ: ಕಪ್ಪು ಭಾಗದ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರ. ದಪ್ಪ ಅರ್ಧ ಮಿಲಿಮೀಟರಿನಷ್ಟು. ಗಾಯದಿಂದ, ಸೋಂಕಿನಿಂದ ಅದು ಮಬ್ಬಾದರೆ ಹಿಂದಿನ ಕಣ್ಣೆಲ್ಲ ಚೆನ್ನಾಗಿದ್ದರೂ ಏನೂ ಕಾಣುವುದಿಲ್ಲ, ಬಣ್ಣ ಬಳಿದ ಕಿಟಕಿಯ ಹಿಂದೆ ಕುಳಿತಂತೆ. ಅದರಲ್ಲಿ ರಕ್ತನಾಳಗಳಿಲ್ಲ. ಹಾಗಾಗಿಯೇ ಬೇರೊಬ್ಬರ ಕಾರ್ನಿಯಾವನ್ನು ದೇಹ ಸುಲಭಕ್ಕೆ ತಿರಸ್ಕರಿಸುವುದಿಲ್ಲ, ಮೂತ್ರಪಿಂಡಕ್ಕೆ ಹುಡುಕುವ ಹಾಗೆ ರಕ್ತದ ಗುಂಪು ಹುಡುಕಬೇಕಾಗಿಲ್ಲ. ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಯಶಸ್ವಿಯಾಗಿ ಮೊದಲ ಕಾರ್ನಿಯಾ ಕಸಿ ಮಾಡಿ ನೂರು ವರ್ಷ ದಾಟಿದೆ. ಅದು 1905ರ ಮಾತು. ಈಚಿನ ವರ್ಷಗಳಲ್ಲಿ ಆ ತೆಳು ಪದರವನ್ನೂ ಸೀಳುವ ವಿದ್ಯೆ ಬಂದಿದೆ. ಮೇಲ್ಪದರ ಕೆಟ್ಟವರಿಗೆ ಮೇಲ್ಭಾಗ, ಒಳಪದರ ಕೆಟ್ಟವರಿಗೆ ಒಳಭಾಗ. ಒಂದು ಕಾರ್ನಿಯಾ ಇಬ್ಬರಿಗೆ ಆಗುತ್ತದೆ. ಅಪ್ಪು ಕಣ್ಣಲ್ಲಿ ವೈದ್ಯರು ಮಾಡಿದ್ದು ಇದನ್ನೇ.

ಮನೆಯಲ್ಲಿ ಸಾವಾದಾಗ ಮಾಡಬೇಕಾದದ್ದು ಬಹಳ ಇಲ್ಲ. ಹತ್ತಿರದ ನೇತ್ರಬ್ಯಾಂಕಿಗೆ ಫೋನು ಮಾಡಬೇಕು. ಆರು ಗಂಟೆಯೊಳಗೆ ಅವರು ಬಂದು ಕೆಲಸ ಮುಗಿಸಬೇಕು, ಅದಕ್ಕೇ ತಡ ಮಾಡಬಾರದು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಮೇಲೆ ತಿರುಗುವ ಫ್ಯಾನ್ ನಿಲ್ಲಿಸಬೇಕು. ಗಾಳಿಗೆ ಕಣ್ಣು ಒಣಗಿದರೆ ಕಾರ್ನಿಯಾ ಕೆಡುತ್ತದೆ. ಬಂದವರು ಅರ್ಧ ಗಂಟೆಯಲ್ಲಿ ಹೊರಡುತ್ತಾರೆ. ಮುಖ ವಿಕಾರವಾಗುವುದಿಲ್ಲ, ಕಡೆಯ ದರ್ಶನಕ್ಕೆ ಬಂದವರಿಗೆ ಗೊತ್ತೂ ಆಗುವುದಿಲ್ಲ. ಕನ್ನಡಕ ಹಾಕುತ್ತಿದ್ದವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆ ಇದ್ದವರು ಕೊಡಬಹುದು. ವಯಸ್ಸಿನ ಅಡ್ಡಿಯಿಲ್ಲ, 76ರ ರಾಜ್‌ಕುಮಾರ್ ಕಣ್ಣು ಇನ್ನೊಬ್ಬರಿಗೆ ಆಯಿತಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬಿಸ್‌ನಂಥ ಸೋಂಕು ಇದ್ದವರದು ಮಾತ್ರ ಬಳಸುವಂತಿಲ್ಲ.

ಕಣ್ಣು ಯಾರಿಗೆ ಹೋಯಿತು ಎಂದು ಬ್ಯಾಂಕಿನವರು ಕೊಟ್ಟವರ ಮನೆಗೆ ಹೇಳುವುದಿಲ್ಲ, ಪಡೆದವರಿಗೂ ಕೊಟ್ಟವರ ಗುರುತು ಬಿಟ್ಟುಕೊಡುವುದಿಲ್ಲ. ನಿಯಮ ಅದು, ಒಳ್ಳೆಯ ನಿಯಮ. ಇಲ್ಲದಿದ್ದರೆ 2006ರಲ್ಲಿ ಆ ಇಬ್ಬರ ಮನೆ ಮುಂದೆ ಜಾತ್ರೆಯೇ ಸೇರುತ್ತಿತ್ತು, ಅಣ್ಣಾವ್ರ ಕಣ್ಣನ್ನು ಒಮ್ಮೆ ನೋಡಿ ಹೋಗುತ್ತೇವೆ ಎಂದು.

ಅಪ್ಪು ಹೋದ ಮೇಲಿನ ತಿಂಗಳುಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರು ರಾಜ್ಯದ ಮೂಲೆಮೂಲೆಯಿಂದ ಬಂದರು. ಕಾಲೇಜು ಹುಡುಗರು, ಆಟೊ ನಿಲ್ದಾಣದವರು, ಇಡೀ ಊರಿಗೆ ಊರೇ ಒಟ್ಟಿಗೆ ಸಹಿ ಹಾಕಿದ ಸುದ್ದಿಗಳು ಬಂದವು. ಅಪ್ಪನ ಕಾಲದಲ್ಲಿ ನಲವತ್ತು ದಾಟಿದವರು ಅಳುಕುತ್ತಾ ಮುಂದೆ ಬಂದಿದ್ದರೆ, ಮಗನ ಕಾಲದಲ್ಲಿ ಹದಿನೆಂಟರವರು ಅಳುಕದೆ ಬಂದರು. ಅಭಿಮಾನ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವಾಗ ಸಾಮಾನ್ಯವಾಗಿ ತೆಳುವಾಗುತ್ತದೆ. ಇಲ್ಲಿ ಹಾಗಾಗಿಲ್ಲ, ಯಾಕೆಂದರೆ ಇಲ್ಲಿ ದಾಟಿರುವುದು ಬರೀ ಹೊಗಳಿಕೆಯಲ್ಲ, ಒಂದು ಕೆಲಸ.

ಹೆಸರು ಬರೆಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ನೇತ್ರಬ್ಯಾಂಕುಗಳಲ್ಲಿ ಕೆಲಸ ಮಾಡುವವರ ನಿತ್ಯದ ಕೊರಗು ಇದೇ. ವಾಗ್ದಾನ ಪತ್ರ ಬೀರುವಿನಲ್ಲಿರುತ್ತದೆ. ಸಾವಾದಾಗ ಮನೆಯವರು ದುಃಖದಲ್ಲಿ ಮರೆಯುತ್ತಾರೆ, ಅಥವಾ ಅವರಿಗೆ ಗೊತ್ತೇ ಇರುವುದಿಲ್ಲ. ನೆನಪಾಗುವಷ್ಟರಲ್ಲಿ ಆರು ಗಂಟೆ ಕಳೆದಿರುತ್ತದೆ. ಫೋನು ಮಾಡಬೇಕಾದವರು ಉಳಿದವರು, ಒಪ್ಪಿಗೆ ಕೊಡಬೇಕಾದವರೂ ಅವರೇ. ರಾಜ್‌ಕುಮಾರ್ ಅವರ ಇಚ್ಛೆ ನಡೆದದ್ದು ಕೂಡ, ಬಾಗಿಲಾಚೆ ಅಷ್ಟು ಗದ್ದಲವಿದ್ದಾಗಲೂ, ಮನೆಯವರು ಅದನ್ನು ಮರೆಯದೆ ಇದ್ದದ್ದರಿಂದ.

ಏಪ್ರಿಲ್‌ನ ಶಿಬಿರಗಳಲ್ಲಿ ಈ ಸಂಗತಿ ಕಣ್ಣಿಗೇ ಬೀಳುತ್ತದೆ. ಶಾಮಿಯಾನದ ಕೆಳಗೆ ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿ, ದಾರ ಕಟ್ಟಿದ ಪೆನ್ನು. ಸಮಾಧಿಗೆ ಹೂ ಏರಿಸಿ ಬಂದವರು ಅರ್ಜಿ ಕೈಗೆತ್ತಿಕೊಳ್ಳುತ್ತಾರೆ. ಹೆಸರು, ವಯಸ್ಸು, ವಿಳಾಸ ಸರಸರನೆ ತುಂಬುತ್ತಾರೆ. ಅದರ ಕೆಳಗೆ ಮನೆಯವರ ಹೆಸರು, ಅವರ ಫೋನ್ ನಂಬರು, ಸಹಿಗೆ ಜಾಗ. ಅಲ್ಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಬಿಸಿಲಿಗೆ ಸೆರಗು ತಲೆ ಮೇಲೆಳೆದುಕೊಂಡು ಪ್ರಸಾದದ ತಟ್ಟೆ ಹಿಡಿದು ನಿಂತ ಹೆಂಡತಿಯ ಕಡೆ ತಿರುಗುತ್ತಾರೆ.

“ನಿನ್ನ ಹೆಸರು ಬರೀಲೇನೇ?”

“ಬರೀರಿ. ನಂದೂ ಒಂದು ಅರ್ಜಿ ಈಸ್ಕೊಳ್ಳಿ.”